ಮರೆತ ದಾಳ ಈಗ ಹಾಕಬಹುದಾ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿದ್ವು, ಅದಕ್ಕೆ ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಒಟ್ಟಿಗೆ ತಗೊಂಡಿದೀನಿ. ಮಿನಿಯೇಚರ್ ಆಟ ಅಂದ್ರೆ ಏನು ಅಂತ ಕೇಳೋರಿಗೆ: ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನ ನಾವೇ ಅಂಟಿಸಿ, ಬಣ್ಣ ಹಚ್ಚಿ, ಮೇಜಿನ ಮೇಲೆ ನಿಲ್ಲಿಸಿ, ಟೇಪಲ್ಲಿ ಇಂಚು ಅಳೆದು ನಡೆಸಿ, ದಾಳ ಹಾಕಿ ಹೊಡೆದಾಡಿಸೋದು. ಹೆಚ್ಚಿನ ಆಟಗಳಲ್ಲಿ ಮನೆಗಳಿಲ್ಲ, ಚೌಕಗಳಿಲ್ಲ. ಈ ಮಾತು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಪ್ರಶ್ನೆ: ನಮಸ್ಕಾರ ಸಾರ್, ನಮ್ದು ತುಮಕೂರು, ಕೆಲಸದ ಮೇಲೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ಎರಡು ವರ್ಷ ಆಯ್ತು. ವಾರ್‌ಹ್ಯಾಮರ್ ಮಾಡೋ ಕಂಪನಿ ಇರೋ ಊರೇ ಇದು, ಹುಚ್ಚು ಹಿಡೀದೆ ಇರುತ್ತಾ. ಹೋದ ವಾರ ಗೆಳೆಯನ ಜೊತೆ ವಾರ್‌ಹ್ಯಾಮರ್ 40,000, 2000 ಪಾಯಿಂಟಿನ (ಅಂದ್ರೆ ಸೈನ್ಯದ ಅಳತೆ) ಆಟ. ಮೂರನೇ ರೌಂಡಲ್ಲಿ ಅವನ ಇಂಟರ್‌ಸೆಸರ್ ಅನ್ನೋ ಹತ್ತು ಸೈನಿಕರಲ್ಲಿ ಉಳಿದಿದ್ದು ನಾಲ್ಕೇ ಜನ, ಅಬ್ಜೆಕ್ಟಿವ್, ಅಂದ್ರೆ ಹಿಡ್ಕೊಂಡ್ರೆ ಪಾಯಿಂಟ್ ಸಿಗೋ ಜಾಗದ ಮೇಲೆ ಕೂತಿದ್ರು, ಪಕ್ಕದಲ್ಲೇ ನನ್ನವರು ಐದು ಜನ ಇದ್ರು. ಅವನ ಕಮಾಂಡ್ ಫೇಸಲ್ಲಿ (ಸರದಿಯ ಮೊದಲ ಹಂತ) ಬ್ಯಾಟಲ್‌ಶಾಕ್ ಟೆಸ್ಟ್ (ಗಾಬರಿ ಪರೀಕ್ಷೆ) ತಗೋಬೇಕಿತ್ತು, ಅವನೂ ಮರೆತ ನಾನೂ ಮರೆತೆ, ಅವನು ಆ ಜಾಗಕ್ಕೆ 5 ಪಾಯಿಂಟ್ ಬರ್ಕೊಂಡ, ಎಲ್ಲರನ್ನೂ ನಡೆಸಿದ, ಗುಂಡು ಹಾರಿಸೋಕೆ ಶುರು ಮಾಡೋವಾಗ ನನಗೆ ಥಟ್ ಅಂತ ಹೊಳೀತು. ಈಗ ಟೆಸ್ಟ್ ತಗೋ ಅಂದೆ, ಹೋದ ಫೇಸ್ ಹೋಯ್ತು, ಆಗ್ಲೇ ಹೇಳ್ಬೇಕಿತ್ತು ಅಂದ. ಸುಮ್ಮನಾದೆ. ಕೊನೆಗೆ ಬರೀ 3 ಪಾಯಿಂಟಲ್ಲಿ ಸೋತೆ. ಯಾರು ಸರಿ ಸಾರ್?

ಉತ್ತರ: ಇಬ್ಬರದೂ ಅರ್ಧರ್ಧ ಸರಿ, ಆದ್ರೆ ನಿಮ್ಮ ಅರ್ಧ ಸ್ವಲ್ಪ ದೊಡ್ಡದು.

ಆಟ ಗೊತ್ತಿಲ್ದೋರಿಗೆ ಮೊದ್ಲು ಎರಡು ಮಾತು. ಇವ್ರು ಆಡ್ತಿರೋದು 2023ರಲ್ಲಿ ಬಂದ 10ನೇ ಆವೃತ್ತಿ. ಅದರಲ್ಲಿ ಒಬ್ಬೊಬ್ಬರ ಸರದಿನೂ ಕಮಾಂಡ್ ಫೇಸಿಂದ ಶುರು, ಆಮೇಲೆ ನಡೆಸೋದು, ಗುಂಡು ಹಾರಿಸೋದು, ಚಾರ್ಜು, ಕೈಕೈ ಮಿಲಾಯಿಸೋದು. ಕಮಾಂಡ್ ಫೇಸಲ್ಲಿ, ಶುರುವಿನ ಲೆಕ್ಕದ ಅರ್ಧಕ್ಕಿಂತ ಕೆಳಗೆ ಇಳಿದಿರೋ ಪ್ರತಿ ತುಕಡಿಗೂ ಎರಡು ದಾಳ ಹಾಕಿ ಕೂಡಿಸ್ಬೇಕು, ಮೊತ್ತ ಅವ್ರ ಲೀಡರ್‌ಶಿಪ್ ಅಂಕಿಯಷ್ಟಾದ್ರೂ ಬರ್ಬೇಕು, ಇದೇ ಬ್ಯಾಟಲ್‌ಶಾಕ್ ಟೆಸ್ಟ್. ಇಂಟರ್‌ಸೆಸರ್‌ಗಳಿಗೆ ಅದು 6. ಬರ್ಲಿಲ್ಲ ಅಂದ್ರೆ ಮುಂದಿನ ಕಮಾಂಡ್ ಫೇಸ್ ತನಕ ಆ ತುಕಡಿ ಗಾಬರಿ ಬಿದ್ದಿರುತ್ತೆ, ಅವ್ರ ಓಸಿ, ಅಂದ್ರೆ ಜಾಗ ಹಿಡ್ಕೊಳ್ಳೋ ತೂಕ, ಸೊನ್ನೆ ಆಗುತ್ತೆ. ಒಬ್ಬ ಇಂಟರ್‌ಸೆಸರ್‌ಗೆ ಓಸಿ 2, ನಾಲ್ಕು ಜನಕ್ಕೆ 8. ನಿಮ್ಮ ಐದು ಜನಕ್ಕೆ ತಲೆಗೆ 1ರ ಹಾಗೆ 5 ಅಂದ್ಕೊಳ್ಳೋಣ. 8ರ ಮುಂದೆ 5 ಇದ್ರೆ ಜಾಗ ಅವಂದು, 0ರ ಮುಂದೆ 5 ಇದ್ರೆ ನಿಮ್ದು. ಅಲ್ಲಿಗೆ ಆ ಒಂದು ದಾಳ ಸಣ್ಣದೇನಲ್ಲ.

ಈಗ ನಿಮ್ಮ ಗೆಳೆಯನ ವಾದ. "ಹೋದ ಫೇಸ್ ಹೋಯ್ತು" ಅನ್ನೋದು ಸುಳ್ಳು ನಿಯಮ ಅಲ್ಲ, ಆದ್ರೆ ಅದು ಹುಟ್ಟಿರೋದು "ಮಾಡಬಹುದು" ಅಂತ ಬರೆದಿರೋ ವಿಷಯಗಳಿಗೆ. ನಿಮ್ಮ ಹತ್ರ ಒಂದು ಒಳ್ಳೆ ಶಕ್ತಿ ಇದೆ, ಬಳಸೋದು ಮರೆತ್ರಿ, ನಷ್ಟ ನಿಮ್ಗೇ, ಎದುರಿನವನು ದೊಡ್ಡ ಮನಸ್ಸು ಮಾಡಿದ್ರೆ ಕೊಡ್ಲಿ ಇಲ್ಲಾಂದ್ರೆ ಬಿಡ್ಲಿ. ಬ್ಯಾಟಲ್‌ಶಾಕ್ ಹಂಗಲ್ಲ. ಅದು "ಮಾಡಲೇಬೇಕು" ಪೈಕಿ, ಅದೂ ಮಾಡೋನಿಗೇ ನೋವಾಗೋ ಪೈಕಿ. ಮರೆತ್ರೆ ಲಾಭ ಆಗೋದು ಮರೆತೋನಿಗೇ. ಅಂಥದ್ದಕ್ಕೂ ಹೋದದ್ದು ಹೋಯ್ತು ಅಂತ ಒಪ್ಪಿಕೊಂಡ್ರೆ ನಾಳೆಯಿಂದ ಮರೆವೇ ಒಂದು ಆಯುಧ ಆಗುತ್ತೆ ನೋಡಿ, ಬೇಕಂತಲೇ ಮರೆಯೋರೂ ಹುಟ್ಕೊಳ್ತಾರೆ. ನಿಮ್ಮ ಗೆಳೆಯ ಮೊದ್ಲು ಮ್ಯಾಜಿಕ್ ದಿ ಗ್ಯಾದರಿಂಗ್ ಕಾರ್ಡ್ ಆಟ ಆಡ್ತಿದ್ನಾ ಅಂತ ನಂಗೆ ಅನುಮಾನ, ಯಾಕಂದ್ರೆ ಅಲ್ಲಿ ದೊಡ್ಡ ಪಂದ್ಯಗಳಲ್ಲಿ ಎದುರಾಳಿ ಮರೆತ ಟ್ರಿಗರ್‌ನ, ಅಂದ್ರೆ ಕಾರ್ಡು ತಾನಾಗೇ ಮಾಡೋ ಕೆಲಸನ, ನಾವು ನೆನಪಿಸ್ಲೇಬೇಕು ಅಂತಿಲ್ಲ. ಆದ್ರೆ ಅಲ್ಲೂ ನಮ್ಮ ಟ್ರಿಗರ್ ನಮಗೆ ನೆನಪಿದ್ದೂ ಬಿಟ್ರೆ ಅದು ಮೋಸಾನೇ.

ಮಿನಿಯೇಚರ್ ಆಟಗಳಲ್ಲಿ ರೂಢಿ ಬೇರೆ: ಕಡ್ಡಾಯ ಹೆಜ್ಜೆ ಇಬ್ಬರ ಜವಾಬ್ದಾರಿ. ಆದ್ರಿಂದ ಅವನು ಮರೆತದ್ದರಲ್ಲಿ ನಿಮ್ಮ ಪಾಲೂ ಇದೆ, ಬೇಜಾರಾಗ್ಬೇಡಿ.

ಸರಿ, ಆ ಹೊತ್ತಲ್ಲಿ ಏನ್ ಮಾಡ್ಬೇಕಿತ್ತು? ಚೆಸ್ಸಲ್ಲಾದ್ರೆ ತಲೆನೋವಿಲ್ಲ, ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದ ಪ್ರಕಾರ ತಪ್ಪು ನಡೆ ಆದ್ರೆ ಅದಕ್ಕೆ ಹಿಂದಿನ ಸ್ಥಿತಿಗೆ ಕಾಯಿಗಳನ್ನ ವಾಪಸ್ ಇಡ್ತಾರೆ, ಮಾಮೂಲಿ ಆಟದಲ್ಲಿ ಎದುರಾಳಿಗೆ 2 ನಿಮಿಷ ಜಾಸ್ತಿ ಸಿಗುತ್ತೆ, ಅದೇ ಆಟಗಾರ ಎರಡನೇ ಸಲ ಮಾಡಿದ್ರೆ ಆಟಾನೇ ಸೋಲು. ಅಲ್ಲಿ 64 ಮನೆ ಇದೆ, ನಡೆಗಳನ್ನ ಬರ್ಕೊಂಡಿರ್ತಾರೆ, ಹಿಂದಕ್ಕೆ ಹೋಗೋದು ಸಲೀಸು. ನಿಮ್ಮ ಮೇಜು 60 ಇಂಚು ಉದ್ದ 44 ಇಂಚು ಅಗಲ, ಅದರ ಮೇಲೆ ಐವತ್ತು ಅರವತ್ತು ಗೊಂಬೆ, ಆ ಸಾರ್ಜೆಂಟು ಗೋಡೆಯಿಂದ ಅರ್ಧ ಇಂಚು ಈಚೆ ಇದ್ನಾ ಮುಕ್ಕಾಲು ಇಂಚಾ, ದೇವ್ರಿಗೇ ಗೊತ್ತು. ಹಿಂದಕ್ಕೆ ಹೋಗ್ತೀವಿ ಅಂತ ಹೊರಟ್ರೆ ಹಳೇ ಜಗಳ ಬಿಟ್ಟು ಹೊಸ ಜಗಳ ಶುರುವಾಗುತ್ತೆ.

ಅದಕ್ಕೆ ನಾನು ಮಾಡೋದು ಇಷ್ಟು: ಯಾರೂ ಇನ್ನೂ ಒಂದು ಗೊಂಬೆನೂ ಎತ್ತಿಲ್ಲ ಅಂದ್ರೆ ವಾಪಸ್ ಹೋಗಿ ಸರಿಯಾಗಿ ಆಡೋದು, ಎತ್ತಾಗಿದೆ ಆದ್ರೆ ಸರದಿ ಅದೇ ನಡೀತಿದೆ ಅಂದ್ರೆ ಗೊಂಬೆ ಇದ್ದಲ್ಲೇ ಇರ್ಲಿ, ಬಿಟ್ಟುಹೋದ ದಾಳ ಮಾತ್ರ ಈಗ ಹಾಕೋದು, ಅದರಿಂದ ನೇರವಾಗಿ ಆಗೋದನ್ನ ಮಾತ್ರ ಬದಲಾಯಿಸೋದು. ನಿಮ್ಮ ಆಟದಲ್ಲಿ ಎರಡು ದಾಳ ಹಾಕಿಸ್ಬೇಕಿತ್ತು. 6 ಅಥವಾ ಮೇಲೆ ಬಿದ್ರೆ ಏನೂ ಆಗಿಲ್ಲ, ಮುಂದೆ ನಡೀರಿ. 5 ಅಥವಾ ಕೆಳಗೆ ಬಿದ್ರೆ ಆ 5 ಪಾಯಿಂಟ್ ಹೊಡೆದು ಹಾಕಿ, ಅವರ ಓಸಿ ಸೊನ್ನೆ ಅಂತ ಪಕ್ಕದಲ್ಲಿ ಒಂದು ಟೋಕನ್ ಇಡಿ. ಆ ತುಕಡಿ ಆ ಸರದೀಲಿ ನಿಮ್ಮವರ ಕೈಯಿಂದ ಬಿಡಿಸ್ಕೊಂಡು ಹಿಂದೆ ಸರಿದಿದ್ರೆ, ಗಾಬರಿ ಬಿದ್ದವರು ಹಿಂದೆ ಸರಿಯೋವಾಗ ತಲೆಗೊಂದು ದಾಳ ಇದೆಯಲ್ಲ, 1 ಅಥವಾ 2 ಬಿದ್ರೆ ಸಾವು, ಅದೂ ಹಾಕ್ಬೇಕು. ಇನ್ನೊಂದು ವಿಷಯ ಬಹಳ ಜನ ಮರೀತಾರೆ. 1 ಸಿಪಿ, ಅಂದ್ರೆ ಕಮಾಂಡ್ ಪಾಯಿಂಟ್, ಖರ್ಚು ಮಾಡಿ ಟೆಸ್ಟ್ ತಾನಾಗೇ ಪಾಸ್ ಮಾಡ್ಕೊಳ್ಳೋ ಸ್ಟ್ರಾಟೆಜಮ್, ಅಂದ್ರೆ ವಿಶೇಷ ತಂತ್ರ, ಇದೆ. ನಿಮ್ಮ ಗೆಳೆಯ ಟೆಸ್ಟ್ ನೆನಪಾಗಿದ್ರೆ ಅದನ್ನ ಬಳಸ್ತಿದ್ನೋ ಏನೋ, ಆದ್ರಿಂದ ಕೈಯಲ್ಲಿ ಸಿಪಿ ಉಳಿದಿದ್ರೆ ಆ ಆಯ್ಕೆ ಅವನಿಗೂ ಕೊಡ್ಬೇಕು. ಶಿಕ್ಷೆ ಮಾತ್ರ ವಾಪಸ್ ತಂದು ರಕ್ಷಣೆ ವಾಪಸ್ ತರ್ಲಿಲ್ಲ ಅಂದ್ರೆ ಅದು ನ್ಯಾಯ ಅಲ್ಲ. ನಿಮ್ಮ ಸರದಿನೂ ಮುಗಿದು ರೌಂಡೇ ದಾಟಿದ್ರೆ ಬಿಟ್ಟುಬಿಡಿ, ಅದರ ಮೇಲೆ ಆಗ್ಲೇ ಹತ್ತು ತೀರ್ಮಾನ ಕೂತಿರುತ್ತೆ.

ಅಂದಹಾಗೆ ಎರಡು ದಾಳದಲ್ಲಿ 36 ಬಗೆ ಬೀಳುತ್ತೆ, 5 ಅಥವಾ ಕೆಳಗೆ ಬರೋದು 10 ಬಗೇಲಿ ಮಾತ್ರ. ಮರೀದೆ ಹಾಕಿದ್ರೂ 36ರಲ್ಲಿ 26 ಸಲ ನೀವು ಅದೇ 3 ಪಾಯಿಂಟಲ್ಲಿ ಸೋಲ್ತಿದ್ರಿ.

"ಬಿಟ್ಟದ್ದನ್ನ ಈಗ ಹಾಕೋದು" ಅನ್ನೋದನ್ನೂ ಎಳೆದಾಡಬಾರದು. ನನ್ನದೇ ಕಥೆ. ಪ್ಲಾಸ್ಮಾ ಗನ್ ಹಿಡ್ಕೊಂಡ ಹೆಲ್‌ಬ್ಲಾಸ್ಟರ್ ಅನ್ನೋ ಐದು ಸೈನಿಕರು, ಸೂಪರ್‌ಚಾರ್ಜ್ ಮಾಡಿ, ಅಂದ್ರೆ ಗನ್ನಿನ ಬಲ ಏರಿಸಿ, ಹೊಡೆದ ಮೇಲೆ ಪ್ರತಿ ಗನ್ನಿಗೂ ಹಜಾರ್ಡಸ್ (ಅಪಾಯದ) ದಾಳ ಹಾಕ್ಬೇಕು, 1 ಬಿದ್ರೆ ಹೊಡೆದವನೇ ಸುಟ್ಟುಹೋಗ್ತಾನೆ. ಎರಡು ರೌಂಡು ಹೊಡೆದೆ, ಎರಡು ರೌಂಡೂ ಮರೆತೆ, ಎರಡನೇದರ ಸರದಿ ಮುಗಿಯೋ ಮುಂಚೆ ಎದುರಿನವರು ಹಿಡಿದ್ರು, ಹತ್ತೂ ದಾಳ ಈಗ ಒಟ್ಟಿಗೆ ಹಾಕಿ ಅಂದ್ರು. ನಾಚಿಕೆಗೆ ಹಾಕಿಬಿಟ್ಟೆ, ಮೂರು ದಾಳದಲ್ಲಿ 1 ಬಿತ್ತು, ಮೂರು ಜನ ಹೋದ್ರು. ಮನೆಗೆ ಬಂದು ಸ್ನಾನ ಮಾಡೋವಾಗ ಹೊಳೀತು, ಮೊದಲ ರೌಂಡಲ್ಲೇ ಒಬ್ಬ ಸತ್ತಿದ್ರೆ ಎರಡನೇ ರೌಂಡಲ್ಲಿ ನಾಲ್ಕೇ ಗನ್ನು, ನಾಲ್ಕೇ ದಾಳ, ಆಮೇಲೆ ಸತ್ತವನು ಹೊಡೆದ ಗುಂಡಿಗೆ ಬಿದ್ದ ಅವರ ಸೈನಿಕ ಬದುಕಿರ್ತಿದ್ದ. ಹತ್ತು ದಾಳ ಅನ್ನೋ ಲೆಕ್ಕವೇ ಎಲ್ಲೂ ಇಲ್ಲ. ಕಡೇ ಸಲದ ಐದು ಹಾಕಿ ಹಿಂದಿನದು ಬಿಡ್ಬೇಕಿತ್ತು.

ಪ್ರಶ್ನೆ: ನಾನು ಮಂಗಳೂರಿನವಳು. ನಮ್ಮ ಭಾವ ಅಮೇರಿಕದಿಂದ ಬರುವಾಗ ಎಕ್ಸ್‌ವಿಂಗ್ (ಆಕಾಶನೌಕೆಗಳ ಹೊಡೆದಾಟದ ಆಟ) ಸೆಟ್ ತಂದದ್ದು, ರಜೆಯಲ್ಲಿ ದಿನಾ ಆಡುದು. ಮೊನ್ನೆ ನಾನು ಕೆಂಪು ತಿರುವು ತೆಗ್ದು ಹಡಗನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ, ಸ್ಟ್ರೆಸ್ ಟೋಕನ್ ಇಡ್ಲಿಕ್ಕೆ ಮರ್ತೇ ಹೋಯ್ತು, ಮೇಲಿಂದ ಫೋಕಸ್ ಆ್ಯಕ್ಷನ್ ಸಹ ಮಾಡಿದೆ, ಅದ್ರಲ್ಲೇ ಭಾವನ ಹಡಗು ಹೊಡೆದು ಹಾಕಿದ್ದು. ಎರಡು ರೌಂಡ್ ಕಳೆದ ಮೇಲೆ ನೆನಪಾಯ್ತು, ಬಾಯಿ ಮುಚ್ಚಿ ಕೂತೆ, ಗೆದ್ದೆ. ಈಗ ಭಾವನ ಹತ್ರ ಹೇಳುದಾ ಬೇಡ್ವಾ?

ಉತ್ತರ: ಹೇಳಿ. ಗೋಳಿಬಜೆ ತಿನ್ನೋವಾಗ ಹೇಳಿ, ಅರ್ಧ ಕೋಪ ಅಲ್ಲೇ ಇಳಿಯುತ್ತೆ.

ನಿಮ್ಮ ತಪ್ಪಲ್ಲಿ ಒಂದು ಚಂದದ ವಿಷಯ ಇದೆ, ಅದು ತನ್ನಷ್ಟಕ್ಕೇ ಕರಗೋ ತಪ್ಪು. ಎಕ್ಸ್‌ವಿಂಗ್ 2012ರಲ್ಲಿ ಶುರುವಾದದ್ದು, 2018ರಲ್ಲಿ ಎರಡನೇ ಆವೃತ್ತಿ ಬಂತು, 2024ರಲ್ಲಿ ಕಂಪನಿ ಇನ್ನು ಹೊಸದು ಮಾಡಲ್ಲ ಅಂತ ಕೈಚೆಲ್ಲಿತು, ಆದ್ರೂ ಜನ ಬಿಟ್ಟಿಲ್ಲ. ಅದರಲ್ಲಿ ಕೆಂಪು ನಡೆಗೆ ಒಂದು ಸ್ಟ್ರೆಸ್ ಟೋಕನ್ ಬರುತ್ತೆ, ಅದಿರೋ ತನಕ ಆ್ಯಕ್ಷನ್ ಇಲ್ಲ, ಇನ್ನೊಂದು ಕೆಂಪು ನಡೆನೂ ಇಲ್ಲ, ನೀಲಿ ನಡೆ ಮಾಡಿದ್ರೆ ಒಂದು ಟೋಕನ್ ಹೋಗುತ್ತೆ. ಅಂದ್ರೆ ಮುಂದಿನ ರೌಂಡಲ್ಲಿ ನೀವು ನೀಲಿ ನಡೆ ಮಾಡಿದ್ರೆ, ಟೋಕನ್ ಇಟ್ಟಿದ್ರೂ ಅದು ಅಷ್ಟೊತ್ತಿಗೆ ಹೋಗಿರ್ತಿತ್ತು, ನೆನಪಾದಾಗ ಮೇಜು ಇರಬೇಕಾದ ಹಾಗೇ ಇತ್ತು. ಈಗ ತಂದು ಇಡ್ತೀನಿ ಅಂದ್ರೆ ಅದು ಎರಡನೇ ತಪ್ಪು. ಬಿಳಿ ನಡೆ ಮಾಡ್ತಾ ಬಂದಿದ್ರೆ ಮಾತ್ರ ಟೋಕನ್ ಇನ್ನೂ ಇರಬೇಕಿತ್ತು, ಆಗ ನೆನಪಾದ ಕ್ಷಣ ಇಡ್ಬೇಕು.

ಉಳಿಯೋದು ಆ ಫೋಕಸ್. ಅದು ಇಲ್ದೆ ಇದ್ರೆ ದಾಳದ ಮೇಲಿನ ಕಣ್ಣಿನ ಚಿತ್ರಗಳು ಏಟಾಗ್ತಿರ್ಲಿಲ್ಲ, ಭಾವನ ಹಡಗು ಬಹುಶಃ ಉಳೀತಿತ್ತು. ನೀವು ದಾಳ ಕೈಗೆ ತಗೊಳ್ಳೋ ಮುಂಚೆ ನೆನಪಾಗಿದ್ರೆ ಫೋಕಸ್ ಟೋಕನ್ ತೆಗೆದು ಸ್ಟ್ರೆಸ್ ಇಟ್ರೆ ಮುಗೀತು. ದಾಳ ಬಿದ್ದು ಹಡಗು ಮೇಜಿಂದ ಎದ್ದು ಎರಡು ರೌಂಡ್ ಆದ ಮೇಲೆ ಅದನ್ನ ಯಾರೂ ಬದುಕಿಸೋಕಾಗಲ್ಲ, ಎಲ್ಲಿ ತಂದು ಇಡ್ತೀರಿ? ಆಗ ಬಾಯಿ ಬಿಟ್ಟಿದ್ರೆ ಭಾವನೇ ಏನೋ ಒಂದು ಹೇಳ್ತಿದ್ರು, ಇರ್ಲಿ ಬಿಡು ಅಂತಲೋ, ಸರಿ ಈ ರೌಂಡು ಆ ಹಡಗಿಗೆ ಆ್ಯಕ್ಷನ್ ಇಲ್ಲ ಅಂತಲೋ. ಆ ಮಾತು ಹೇಳೋ ಅವಕಾಶ ಭಾವಂದಾಗಿತ್ತು, ಅದನ್ನ ನೀವು ತಗೊಂಡ್ರಿ. ಮರೆತದ್ದು ತಪ್ಪಲ್ಲ, ಕೆಂಪು ನಡೆ ಮಾಡಿ ಸ್ಟ್ರೆಸ್ ಮರೀದೆ ಇರೋ ಆಟಗಾರನ್ನ ನಾನಂತೂ ನೋಡಿಲ್ಲ. ಬಾಯಿ ಮುಚ್ಚಿ ಕೂತದ್ದಕ್ಕೆ ಗೋಳಿಬಜೆ ದುಡ್ಡು ನೀವೇ ಕೊಡಿ.

ಪ್ರಶ್ನೆ: ಸರ ನಮಸ್ಕಾರ್ರೀ, ಹುಬ್ಬಳ್ಳಿಯಿಂದ ಬರಿಯಾಕತ್ತೀನಿ. ನಾವು ಮೂರು ನಾಕು ಮಂದಿ ಬ್ಲಡ್ ಬೌಲ್ ಆಡ್ತೇವ್ರೀ. ನನ್ನ ಓಗರ್ ಬ್ಲಿಟ್ಜ್ ಮಾಡಿ, ಅಂದ್ರ ಓಡಿ ಹೋಗಿ ಹೊಡದು, ಎದುರಿನ ಪ್ಲೇಯರನ್ನ ಮಲಗಿಸಿದ, ಆರ್ಮರ್ ಮುರೀತು, ಅವ ಹೊರಗ ಹೋದ. ಆಗ ನನ್ನ ದೋಸ್ತ ಹೇಳ್ತಾನ, ಬೋನ್‌ಹೆಡ್ ದಾಳ ಹಾಕಿಲ್ಲಲೇ, ಎಲ್ಲಾ ವಾಪಸ್ ತಗಿ ಅಂತ. ಮೊದ್ಲ ಯಾಕ ಹೇಳಲಿಲ್ಲ ಅಂದ್ರ, ನೋಡೂಣಂತ ಸುಮ್ನ ಇದ್ದೆ ಅಂತಾನ. ಏನ್ ಮಾಡೂದ್ರೀ?

ಉತ್ತರ: ನಿಮ್ಮ ದೋಸ್ತ ಭಾರೀ ಶಾಣ್ಯಾ ಇದಾನ್ರೀ.

ಬ್ಲಡ್ ಬೌಲ್ ಗೊತ್ತಿಲ್ದೋರಿಗೆ, ಇದು 1986ರಿಂದ ಇರೋ ಆಟ, ದೈತ್ಯರು ಕುಳ್ಳರು ಸೇರಿ ರಗ್ಬಿ ಥರದ್ದೇನೋ ಆಡ್ತಾ ಹೊಡೆದಾಡ್ತಾರೆ. ಓಗರ್ ಅನ್ನೋ ದೈತ್ಯನಿಗೆ ಬೋನ್‌ಹೆಡ್ ಅಂತ ಒಂದು ದುರ್ಗುಣ, ಅವನನ್ನ ಆಡಿಸೋಕೆ ಹೊರಟಾಗ ಮೊದಲು ಒಂದು ದಾಳ, 1 ಬಿದ್ರೆ ತಾನು ಏನು ಮಾಡೋಕೆ ಬಂದೆ ಅನ್ನೋದೇ ಅವನಿಗೆ ಮರೆತುಹೋಗುತ್ತೆ, ಸುಮ್ನೆ ನಿಂತುಬಿಡ್ತಾನೆ. ಮರೆಗುಳಿ ದೈತ್ಯನ ಮರೆವಿನ ದಾಳ ಹಾಕೋದನ್ನೇ ನಾವು ಮರೆಯೋದು, ಇದಕ್ಕಿಂತ ತಮಾಷೆ ಇನ್ನೊಂದಿಲ್ಲ.

ಈ ಆಟ ಚೌಕಗಳ ಮೇಲೆ ನಡೆಯೋದ್ರಿಂದ ಹಿಂದಕ್ಕೆ ಹೋಗೋದು ಕಷ್ಟ ಅಲ್ಲ, ಓಗರ್ ಯಾವ ಚೌಕದಿಂದ ಹೊರಟ ಅನ್ನೋದು ಇಬ್ಬರಿಗೂ ಗೊತ್ತಿರುತ್ತೆ. ಬ್ಲಾಕ್ ದಾಳ, ಅಂದ್ರೆ ಹೊಡೆತದ ದಾಳ, ಬೀಳೋ ಮುಂಚೆ ನೆನಪಾದ್ರೆ ವಾಪಸ್ ಇಟ್ಟು ಬೋನ್‌ಹೆಡ್ ದಾಳ ಹಾಕಿ, 1 ಬಿದ್ರೆ ನಿಮ್ಮ ಆ ಸರದಿಯ ಒಂದೇ ಒಂದು ಬ್ಲಿಟ್ಜೂ ಹೋಯ್ತು, ಅಷ್ಟೇ. ಇಬ್ಬರಿಗೂ ಮರೆತು, ಬ್ಲಾಕ್ ದಾಳ ಬಿದ್ದಾದ್ಮೇಲೆ ನೆನಪಾದ್ರೆ ನಾನಾದ್ರೆ ಬಿಟ್ಟುಬಿಡ್ತೀನಿ, ಅದು ಓಗರ್‌ಗೆ ಒಳ್ಳೇದಾಗಿರ್ಲಿ ಕೆಟ್ಟದಾಗಿರ್ಲಿ. ಯಾಕಂದ್ರೆ ಬಿದ್ದ ದಾಳದ ಮುಖ ನೋಡಿದ್ಮೇಲೆ ಹಿಂದಕ್ಕೆ ಹೋಗೋಣ್ವಾ ಬೇಡ್ವಾ ಅಂತ ಕೇಳಿದ್ರೆ, ಯಾರು ಏನು ಹೇಳ್ತಾರೆ ಅನ್ನೋದು ಆ ಮುಖದಲ್ಲೇ ಬರೆದಿರುತ್ತೆ.

ನಿಮ್ಮ ಕೇಸಲ್ಲಿ ಅಷ್ಟೂ ಯೋಚ್ನೆ ಬೇಡ. ಅವನಿಗೆ ನೆನಪಿತ್ತು, ಕಾದ. ಬ್ಲಾಕಲ್ಲಿ ತಲೆಬುರುಡೆ ಬಿದ್ದು ನಿಮ್ಮ ಓಗರೇ ಮಲಗಿದ್ರೆ ಬೋನ್‌ಹೆಡ್ ಹೆಸರು ಎತ್ತುತಿದ್ನಾ? ಇಲ್ಲ. ಹಂಗೆ ಎರಡೂ ಕಡೆ ಚೀಟಿ ಎತ್ತಿ ಗೆದ್ದದ್ದನ್ನ ಇಟ್ಕೊಳ್ಳೋ ಲಾಟರಿ ಎಲ್ಲೂ ಇಲ್ಲ. ನೆನಪಿದ್ದೂ ಕಾದವನು ಕೇಳೋ ಹಕ್ಕು ಕಳ್ಕೊಂಡ, ಅವನ ಪ್ಲೇಯರ್ ಹೊರಗೇ ಇರ್ಲಿ. ಆದ್ರೆ ಮುಂದಿನ ಸಲ ದಾಳ ಹಾಕದೇ ಓಗರನ್ನ ಮುಟ್ಟಬ್ಯಾಡ್ರಿ, ಗುಣ ನಿಮ್ಮ ಪ್ಲೇಯರಂದು, ನೆನಪೂ ಮೊದ್ಲು ನಿಮ್ಮದೇ.

ಪ್ರಶ್ನೆ: ನಾನು ಬೆಂಗಳೂರಿನ ಬಸವನಗುಡಿಯವಳು, ಆಟ ಆಡಲ್ಲ, ಆಟ ಆಡೋನ ತಾಯಿ. ಹನ್ನೊಂದು ವರ್ಷದ ಮಗ, ಅವನ ಫ್ರೆಂಡು ಊಟದ ಮೇಜು ಪೂರ್ತಿ ಹಿಡ್ಕೊಂಡು ಇದನ್ನೇ ಆಡ್ತಾರೆ. ದಾಳ ಹಾಕೋದು ಮರೆತ್ರೆ ಆ ಗೊಂಬೆ ಸತ್ತಂಗೆ ಅಂತ ಅವ್ರೇ ಒಂದು ರೂಲ್ಸ್ ಮಾಡ್ಕೊಂಡಿದಾರೆ. ದಿನಾ ಅಳು. ಇಂಥ ರೂಲ್ಸ್ ಎಲ್ಲಾದ್ರೂ ಇದ್ಯಾ?

ಉತ್ತರ: ಇತ್ತಮ್ಮ, ನಿಮ್ಮ ಮಗ ಗೊತ್ತಿಲ್ದೆ ಒಂದು ಹಳೇ ನಿಯಮ ಮತ್ತೆ ಹುಟ್ಟಿಸಿದಾನೆ. ಡ್ರಾಫ್ಟ್ಸ್ ಅಂತ ಚೆಸ್ ಹಲಗೆ ಮೇಲೆ ಆಡೋ ಆಟ ಇದೆಯಲ್ಲ, ಅದರಲ್ಲಿ ಎದುರಿನ ಕಾಯಿ ಹೊಡೆಯೋಕೆ ಸಿಕ್ಕಿದ್ರೆ ಹೊಡೀಲೇಬೇಕು. ಹಿಂದೆ ಯಾರಾದ್ರೂ ಹೊಡೆಯೋದು ಬಿಟ್ರೆ, ಎದುರಾಳಿ ಆ ಹೊಡೀದೆ ಇದ್ದ ಕಾಯಿನೇ ಎತ್ತಿಕೊಂಡುಬಿಡ್ತಿದ್ದ, ಎತ್ತೋವಾಗ ಅದರ ಮೇಲೆ ಉಫ್ ಅಂತ ಊದೋದು ಬೇರೆ. ಈಗಿನ ಪಂದ್ಯಗಳಲ್ಲಿ ಅದನ್ನ ತೆಗೆದುಹಾಕಿದಾರೆ. ಮೇಲೆ ಹೇಳಿದ ಬ್ಲಡ್ ಬೌಲಲ್ಲೂ ಹಳೇ ಆವೃತ್ತಿಗಳಲ್ಲಿ, ಸರದಿ ಶುರುವಾದಾಗ ಸರದಿ ಲೆಕ್ಕದ ಬಿಲ್ಲೆ ಮುಂದಕ್ಕೆ ಇಡೋದು ಮರೆತ್ರೆ ಎದುರಾಳಿ ಕೂಗಿ ಹಿಡೀಬಹುದಿತ್ತು, ಮರೆತೋನಿಗೆ ದಂಡ. ಅದೂ ಆಮೇಲೆ ಹೋಯ್ತು. ನನಗನ್ಸೋದು, ದಂಡ ಇಟ್ರೆ ಜನ ಆಟ ಆಡೋದು ಬಿಟ್ಟು ಎದುರಿನವನು ಯಾವಾಗ ಮರೀತಾನೆ ಅಂತ ಕಾಯೋಕೆ ಕೂರ್ತಾರೆ, ಹುಬ್ಬಳ್ಳಿ ದೋಸ್ತನ ಹಾಗೆ.

ನಿಮ್ಮನೇಲಿ ಅಜ್ಜಿ ಇದ್ರೆ ಅವರನ್ನ ಕೇಳಿ, ಚೌಕಾಬಾರದಲ್ಲಿ ಎದುರಿನವರ ಒಂದು ಕಾಯಾದ್ರೂ ಹೊಡೀದೆ ಒಳಗಿನ ಮನೆಗಳಿಗೆ ಹೋಗೋ ಹಂಗಿಲ್ಲ. ಹುಡುಗ್ರು ಮರೆತು ಒಳಗೆ ನುಗ್ಗಿಸಿದ್ರೆ ನಮ್ಮಜ್ಜಿ ಕಾಯಿ ಕೊಲ್ತಿರ್ಲಿಲ್ಲ, ಎಲೆ ಅಡಿಕೆ ಹಾಕ್ಕೊಳ್ತಾ ಒಂದು ಬೆರಳಲ್ಲಿ ಆಚೆ ತಳ್ಳಿ "ಹೊಡ್ಕೊಂಡ್ ಬಾ" ಅನ್ನೋರು. ಅಷ್ಟೇ ಸಾಕು.

ಅಳು ನಿಲ್ಲೋಕೆ ಎರಡು ಕೆಲಸ ಮಾಡಿಸಿ. ಕಡ್ಡಾಯವಾಗಿ ಹಾಕೋ ದಾಳಗಳಿಗೆ ಬೇರೆ ಬಣ್ಣದ ದಾಳ ಕೊಡ್ಸಿ, ಉದಾಹರಣೆಗೆ ತುಕಡಿ ಅರ್ಧಕ್ಕಿಂತ ಕೆಳಗೆ ಇಳಿದ ತಕ್ಷಣ ಎರಡು ಕೆಂಪು ದಾಳ ಅದರ ಪಕ್ಕದಲ್ಲೇ ಇಟ್ಟುಬಿಡೋದು, ಸರದಿ ಬಂದಾಗ ಅದು ಕಣ್ಣಿಗೆ ಹೊಡೆಯುತ್ತೆ. ಇನ್ನೊಂದು, ಕಂಡಕ್ಟರು ರೈಟ್ ರೈಟ್ ಅನ್ನೋ ತನಕ ಬಸ್ಸು ಹೊರಡಲ್ಲ ತಾನೇ, ಹಾಗೇ ಒಂದು ಫೇಸ್ ಮುಗಿಸೋ ಮುಂಚೆ "ಮುಗೀತಾ?" ಅಂತ ಜೋರಾಗಿ ಕೇಳೋದು, ಎದುರಿನವನು "ರೈಟ್" ಅಂದ್ಮೇಲೇನೇ ಮುಂದಕ್ಕೆ. ರೈಟ್ ಅಂದವನು ಆಮೇಲೆ ದೂರೋ ಹಂಗಿಲ್ಲ. ಮಕ್ಕಳಿಗೆ ಈ ಕೂಗಾಟ ಖುಷಿನೂ ಆಗುತ್ತೆ, ನಿಮ್ಮ ಕಿವಿಗೆ ಸ್ವಲ್ಪ ಕಷ್ಟ.

ಮತ್ತೆ ಇಲ್ಲಿವರೆಗೂ ಮರೆವಿಗೆ ಸತ್ತ ಗೊಂಬೆಗಳನ್ನ ಆ ಫ್ರೆಂಡ್ ಗೆದ್ದೆ ಅಂತ ಮನೆಗೆ ಹೊತ್ಕೊಂಡು ಹೋಗ್ತಿದ್ರೆ ಮೊದ್ಲು ವಾಪಸ್ ಕೊಡ್ಸಿ, ಒಂದೊಂದಕ್ಕೆ ಬಣ್ಣ ಹಚ್ಚೋಕೆ ಎರಡೆರಡು ಸಂಜೆ ಹಿಡಿದಿರುತ್ತೆ.